ಹನ್ನೊಂದು ಗಿಡ

ಅಂಗಡಿಯ ಪೊಟ್ಟಣದ ಚಿತ್ರದಲ್ಲಿದ್ದ ಹಣ್ಣು
ಒಂದು ವರ್ಷ ಬಂತು, ನಿಜ.
ಅದರದ್ದೇ ಬೀಜ ಬಿತ್ತಿದರೆ ಮರುವರ್ಷ
ಒಂದೊಂದು ಗಿಡಕ್ಕೆ ಒಂದೊಂದು ಮುಖ.

ಆಮೇಲೆ ಯಾರೋ ಹೇಳಿದರು, ಕುಲಶೇಖರದ ಇಳಿಜಾರಲ್ಲಿ
ಬೆನೆದಿಕ್ತಾ ಬಾಯಿ ಇದ್ದಾರೆ, ಹೋಗಿ.

ಹಳೆಯ ಮದುವೆ ಕಾಗದಕ್ಕೆ ಅಂಟಿ ಒಣಗಿದ ಬೀಜ,
ವರನ ಹೆಸರಿನ ಮೇಲೆ ಲೋಳೆಯ ಕಲೆ.
ಉಗುರಲ್ಲಿ ಕೀಳುತ್ತ ಹನ್ನೊಂದು ಎಣಿಸಿದರು.
"ನನ್ನ ಅತ್ತೆ ಕೊಟ್ಟದ್ದು. ಮಡಿಕೆ ಮಡಿಕೆ, ಹುಳಿ ಟೊಮೆಟೊ.
ಬಂಗುಡೆ ಗಸಿಗೆ ಹುಣಸೆಯೇ ಬೇಡ.
ದುಡ್ಡು ಹಣ್ಣು ನೋಡಿ ಕೊಡಿ.
ಬೇರೆ ತರದ್ದು ಕಂಡರೆ ಕಿತ್ತುಬಿಡಿ,
ಬೀಜಕ್ಕೆ ಇಡಬೇಡಿ, ಆಯ್ತಾ?"

ಮುರಕಲ್ಲ ಕಟ್ಟೆಯ ಬಿಸಿಲಿಗೆ
ಹತ್ತು ಗಿಡ ಅತ್ತೆಯ ಮಾತೇ ಆಡಿದವು:
ಸೊಟ್ಟ, ಕೆಂಪು, ನಾಲಗೆಗೆ ಚುರುಕ್.
ಹನ್ನೊಂದನೆಯದು ನುಣ್ಣಗೆ, ಗೋಲಿಯ ಹಾಗೆ,
ಮತ್ತೆ, ಏನು ಹೇಳಲಿ, ಸಿಹಿ.

ದುಡ್ಡು ಕೊಡಲು ಹೋದೆ.
ಒಂದು ಬೇರೆ ಬಂತು ಎಂದೆ.
ಅವರ ಮುಖ ಸಣ್ಣದಾಯಿತು.
ಹತ್ತರ ದುಡ್ಡಷ್ಟೇ ತೆಗೆದುಕೊಂಡರು.
"ಕಿತ್ತಿರಲ್ಲ?"
ಹೂಂ ಎಂದೆ.

ಮನೆಯ ಕಿಟಕಿಯಲ್ಲಿ
ಮೆಸ್ಕಾಂ ಬಿಲ್ಲಿಗೆ ಅಂಟಿಕೊಂಡು
ಗೋಲಿಹಣ್ಣಿನ ಬೀಜ ಒಣಗುತ್ತಿತ್ತು.