ಉಸಿರು ಹಿಡಿಯಬೇಡಿ

ಹಟ್ಟಿ ಗಣಿಯ ಆಸ್ಪತ್ರೆ, ಎಕ್ಸ್‌ರೇ ಕೋಣೆ.
ಇವತ್ತು ಊಟದೊಳಗೆ ಹದಿನಾಲ್ಕು ಎದೆ ತೆಗೆದೆ.
ಕಪ್ಪಿನಲ್ಲಿ ಬಿಳಿ ಕೊಂಬೆ, ಕೊಂಬೆಗೆ ಟಿಸಿಲು,
ಟಿಸಿಲಿಗೆ ಕಂಡೂ ಕಾಣದ ಎಳೆ.
ಬುತ್ತಿ ಮುಚ್ಚಿ ಮೊಬೈಲು ತೆರೆದರೆ
ಅಲ್ಲೂ ಅದೇ: ಸಮುದ್ರದಡಿಯ ಹವಳದ ಗಿಡ.
ಗಿಡವಲ್ಲವಂತೆ, ಪ್ರಾಣಿಯಂತೆ. ಇರಲಿ.

ಮೂರು ರೆಸಾರ್ಟು ಉಳಿದಿವೆ ಪಟ್ಟಿಯಲ್ಲಿ.
ಚೀಟಿ ಎತ್ತಿದ ಹಣ ಒಂದು ಲಕ್ಷ ಹತ್ತು ಸಾವಿರ,
ಲಿಂಗಸುಗೂರಿಗೆ ಹೋಗುವ ಬಸ್ಸಿನ ಟಿಕೇಟೂ
ಅದರಲ್ಲೇ ಮುಗಿಯಬೇಕು.

ಮೊದಲನೆಯದು ನೀರ ಮೇಲೆ ಕಟ್ಟಿದ ಮನೆ,
ಮಂಚದ ಪಕ್ಕ ನೆಲಕ್ಕೆಲ್ಲ ಗಾಜು,
ಮಲಗಿದಲ್ಲೇ ಮೀನು ನೋಡಬಹುದು.
ಒಂದು ರಾತ್ರಿಯ ಬಾಡಿಗೆ ಓದಿ ಇವರು
ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು.
"ನಮ್ಮನ್ನ ನೋಡಾಕ ಮೀನು ಎಷ್ಟ ಕೊಡ್ತಾವ, ಕೇಳು."

ಎರಡನೆಯದಕ್ಕೆ ಫೋನು ಹಚ್ಚಿದೆ.
ಹವಳ ದೂರ, ದೋಣಿಯಲ್ಲಿ ನಲವತ್ತು ನಿಮಿಷ.
"ಹೋದ ಬೇಸಿಗೆ ನೀರು ಕಾಯ್ತಲ್ಲ ಮೇಡಂ,
ಸ್ವಲ್ಪ ಬೆಳ್ಳಗಾಗಿದೆ. ಮೀನೇನೋ ಇವೆ."
ಬೆಳ್ಳಗಾಗುವುದು ಅಂದರೇನು ಅಂತ
ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.
ಇವರ ಎದೆಯನ್ನು ಆರು ವರ್ಷದಿಂದ ನಾನೇ ತೆಗೆಯುತ್ತಿದ್ದೇನೆ:
ಮೇಲೆ, ಎರಡೂ ಕಡೆ, ಹಿಟ್ಟು ಚೆಲ್ಲಿದ ಹಾಗೆ.
ಡಾಕ್ಟರು "ಹೆಚ್ಚಾಗಿಲ್ಲ" ಅನ್ನುತ್ತಾರೆ.
ಆ ಹೆಚ್ಚಾಗಿಲ್ಲ ಅನ್ನುವುದಕ್ಕೆ ಮನೆಯಲ್ಲಿ
ಹೋಳಿಗೆ ಮಾಡಿ ಉಣ್ಣುತ್ತೇವೆ.

ಬಯಕೆ ನನ್ನದಲ್ಲ, ಇವರದು.
ಇಪ್ಪತ್ತೊಂಬತ್ತು ವರ್ಷ ಕೇಜಿನಲ್ಲಿ ನಿಂತು ಇಳಿದವರು
ಒಂದು ರಾತ್ರಿ ನಾನು ರೊಟ್ಟಿ ಬಡಿಯುವಾಗ
ಒಲೆಯ ಮಗ್ಗುಲಿಗೆ ಕುಂತು ಅಂದರು:
"ಅಂಬ್ರಮ್ಮ, ಕೆಳಗ ಇಳಿದಾಗೆಲ್ಲ ಕಲ್ಲು, ಕತ್ತಲ, ಬೆವರು.
ಒಮ್ಮೆರ ಕೆಳಗ ನೋಡಿದ್ರ ಬೆಳಕಿರಬೇಕು.
ಏನಾದ್ರೂ ಜೀವ ಇರೋದು ಅಡ್ಡ್ಯಾಡಬೇಕು."
ಆಮೇಲೆ ನನ್ನ ತಾಳಿ ಬೆರಳಲ್ಲಿ ಎತ್ತಿ ಹಿಡಿದು,
"ಈ ಗುಂಡು ಹೆಂಗ ಬಂತು ನನಗ ಗೊತ್ತೈತಿ.
ಈ ಎರಡು ಹವಳ ಎಲ್ಲಿಂದ ಬಂದ್ವು
ಇಷ್ಟು ದಿನ ಕೇಳೇ ಇಲ್ಲ ನೋಡು."
ರೊಟ್ಟಿ ಸೀದಿತು.

ಮೂರನೆಯದರಲ್ಲಿ ಎಂಟೇ ಕೋಣೆ.
ಎಸಿ ಇಲ್ಲ, ಹತ್ತು ಗಂಟೆಗೆ ಜನರೇಟರು ಬಂದ್.
ರಾಯಚೂರಿನ ಮೇ ತಿಂಗಳಿಗೆ ಅಂಜದವರಿಗೆ ಅದೇನು ಲೆಕ್ಕ!
ಹವಳ ದಡಕ್ಕೇ ಇದೆ,
ಇಳಿತದ ಹೊತ್ತಿಗೆ ನೀರು ಸೊಂಟದ ಮಟ್ಟ.

ಅವರ ಅರ್ಜಿಯಲ್ಲಿ ಒಂದು ಸಾಲು:
ಉಸಿರಾಟದ ತೊಂದರೆ ಇದೆಯೇ?
ಇವರು ಪೆನ್ಸಿಲಿನಲ್ಲಿ "ಇಲ್ಲ" ಬರೆದರು. ನಾನು ಅಳಿಸಿದೆ.
ಮತ್ತೆ ಬರೆದರು. ಮತ್ತೆ ಅಳಿಸಿದೆ.
ಕಾಗದ ತೂತು ಬಿತ್ತು.
"ಹೌದು ಅಂದ್ರ ಬಿಡಾಂಗಿಲ್ಲ ಅವ್ರು," ಅಂತ ಮುಖ ತಿರುವಿದರು.

ನಾನೇ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ,
ನನ್ನ ಮುರುಕು ಹಿಂದಿಯಲ್ಲಿ, ಅವನ ಮುರುಕು ಹಿಂದಿಗೆ.
ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.
ಭೋರ್ ಅನ್ನುತ್ತಿದ್ದದ್ದು ಕಡಲೋ ಫ್ಯಾನೋ, ತಿಳಿಯಲಿಲ್ಲ.
"ಡಾಕ್ಟರ ಕಾಗದ ತನ್ನಿ. ಇಳಿತದಲ್ಲೇ ಹೋಗೋಣ,
ಪಕ್ಕದಲ್ಲಿ ನಾನಿರುತ್ತೇನೆ. ಸುಸ್ತಾದರೆ ಮರಳ ಮೇಲೆ ನಿಲ್ಲಲಿ,
ಹವಳ ತುಳಿಯಬಾರದು.
ಇನ್ನೊಂದು, ಉಸಿರು ಹಿಡಿಯಬಾರದು.
ಕೊಳವೆ ಕಚ್ಚಿಕೊಂಡು ಸುಮ್ಮನೆ ಆಡಿಸುತ್ತಿರಲಿ,
ಮನೆಯ ಕಟ್ಟೆಯ ಮೇಲೆ ಕುಂತ ಹಾಗೆ."

ಕೊಳವೆ, ಮುಖದ ಗಾಜು ನಿನ್ನೆ ಕೊರಿಯರಿನಲ್ಲಿ ಬಂದವು.
ಅಂಗಳದಲ್ಲಿ ಅತ್ತೆಯ ತಾಮ್ರದ ಬೋಗುಣಿ ತುಂಬಿಸಿ
ಇವರು ಮೊಣಕಾಲೂರಿ ಮುಖ ಮುಳುಗಿಸಿದರು.
ಕೊಳವೆಯ ತುದಿಗೆ ಗೊರ್ರ್, ಗೊರ್ರ್.
ಗೋಡೆಯಾಚೆಯಿಂದ ಖಾಜಾಬಿ ಇಣುಕಿ
ಏನೂ ಕೇಳದೆ ತಲೆ ಒಳಗೆಳೆದುಕೊಂಡಳು.

ಮೂವತ್ತು ವರ್ಷದ ರೂಢಿ ನನ್ನದು:
"ಉಸಿರು ತಗೋರಿ... ಹಿಡೀರಿ..."
ಅಂದೇಬಿಟ್ಟೆ. ಆ ಬೆನ್ನು ಒಮ್ಮೆಲೇ ನಿಂತಿತು,
ನನ್ನ ಮಾತಿಗೆ ಅಷ್ಟು ಮಂದಿ ನಿಂತ ಹಾಗೆಯೇ.
"ಬ್ಯಾಡ, ಬ್ಯಾಡ, ಹಿಡೀಬ್ಯಾಡ್ರಿ, ಬಿಡ್ರಿ,
ತಗೋರಿ, ಬಿಡ್ರಿ..."

ತಲೆ ಎತ್ತಿದಾಗ ಗಡ್ಡದಿಂದ ನೀರು ಸುರಿಯುತ್ತಿತ್ತು.
"ಏನ್ ಕಂಡ್ರಿ ತಳದಾಗ?"
"ಕಲಾಯಿ ಹೋಗೇತಿ," ಅಂದರು,
"ಹೋಗೋದ್ರೊಳಗ ಹಾಕಿಸಬೇಕು."