ಸಬ್ಬಸಿಗೆ

ಫೆಬ್ರವರಿ. ತಾರ್ತುವಿನ ಹೊಳೆ ಹೆಪ್ಪುಗಟ್ಟಿ
ಅದರ ಮೇಲೆ ಹುಡುಗರು ನಾಯಿ ಓಡಿಸುತ್ತಿದ್ದರು.
ಒಳಗೆ, ನನ್ನ ರಟ್ಟು ಕಟ್ಟುವ ಅಂಗಡಿಯಲ್ಲಿ, ಅಂಟು ಕುದಿಯುತ್ತಿತ್ತು.
ಬಂದವರು ಎಂಬತ್ತು ದಾಟಿದ ಹೆಂಗಸು, ಬಗಲಲ್ಲಿ
ಬೆನ್ನು ಮುರಿದ ನಿಘಂಟು.
ರಸೀದಿಗೆ ಹೆಸರು ಕೇಳಿದೆ.
"ಸಾಲ್ಮೆ ಕೂಸಿಕ್."

ಪೆನ್ನು ಅಲ್ಲೇ ನಿಂತಿತು.

ಹದಿಮೂರರಲ್ಲಿ ಆ ಹೆಸರನ್ನು
ಪತ್ರಿಕೆಯಿಂದ ಕತ್ತರಿಸಿ, ಗೋಡೆಗೆ ಚುಚ್ಚಿ,
ಪೂರಾ ಒಂದು ಚಳಿಗಾಲ ಬಾಣ ಎಸೆದಿದ್ದೆ.
ನಾನು ಜೀವ ಇಟ್ಟುಕೊಂಡಿದ್ದ ಐದು ಸಂಪುಟಗಳ ಬಗ್ಗೆ
ಆಕೆ ಬರೆದಿದ್ದಳು (ಆಗ ನನಗೆ ಆಕೆ ಏಕವಚನ):
"ಇಬ್ಬರು ಮನುಷ್ಯರು ಎದುರುಬದುರು ಕೂತು
ಏನು ಮಾತಾಡಬೇಕೆಂದು ಈ ಲೇಖಕನಿಗೆ ತೋಚದಾಗೆಲ್ಲ
ಒಂದು ಡ್ರ್ಯಾಗನ್ ಬರುತ್ತದೆ."

ನಮ್ಮ ಮನೆಯಲ್ಲೂ ಇಬ್ಬರು ಎದುರುಬದುರು ಕೂರುತ್ತಿದ್ದರು.
ಮಾತಿರಲಿಲ್ಲ. ಡ್ರ್ಯಾಗನ್ನೂ ಬರುತ್ತಿರಲಿಲ್ಲ.
ನಾನೇ ಹುಡುಕಿಕೊಂಡು ಹೋಗುತ್ತಿದ್ದೆ,
ಕಂಬಳಿಯೊಳಗೆ, ಟಾರ್ಚು ಹಿಡಿದು.

ಹೇಳಿಯೇಬಿಟ್ಟೆ. ಬಾಣದ ಕತೆಯನ್ನೂ.
ನಕ್ಕರು. "ಗುರಿ ಹೇಗಿತ್ತು?"
ಆಮೇಲೆ, ಕೈಗವಸು ಬಿಚ್ಚುತ್ತ:
"ಮೂರನೆಯದರಲ್ಲಿ ಒಂಬತ್ತು ದಿನಕ್ಕೆ ಎರಡು ಹುಣ್ಣಿಮೆ ಬರುತ್ತದೆ.
ನೋಡಿದ್ದೀಯಾ?"

ಇಲ್ಲ.
ಹನ್ನೆರಡು ಸಲ ಓದಿದವನು ನಾನು.
ಒಂದೇ ಸಲ, ಮನಸ್ಸಿಲ್ಲದೆ, ಕೊನೆಯ ಪುಟದವರೆಗೂ ಓದಿದವರು ಅವರು.
ನಾನು ಕಣ್ಮುಚ್ಚಿ ಓಡಿದ್ದ ದಾರಿಯಲ್ಲಿ
ಒಂದೊಂದು ಕಲ್ಲನ್ನೂ ಕಾಲಿಂದ ಒತ್ತಿ ನೋಡಿದ್ದರು.

ಆದರೂ ಬಿಡಲಿಲ್ಲ. ಕಾರಣ ಬೇಕಿತ್ತು ನನಗೆ,
ಯುದ್ಧವೋ, ರಾತ್ರಿಯ ರೈಲಿಗೆ ಹತ್ತಿಸಿಕೊಂಡು ಹೋದ ಅಪ್ಪನೋ,
ಸುಳ್ಳು ಕತೆ ಹೇಳಿ ಮಲಗಿಸಿದ ಯಾರೋ.
ಒಂದು ಗಾಯ ಸಿಕ್ಕಿದ್ದರೆ
ಪಾಪ ಎಂದು ಕ್ಷಮಿಸಿಬಿಡಬಹುದಿತ್ತು.

"ಗಾಯಗಳಿವೆ," ಅಂದರು, "ಎಲ್ಲರಿಗಿರುವಷ್ಟು.
ಅವು ಬೇರೆ ಕಪಾಟಿನಲ್ಲಿವೆ.
ನಿನ್ನ ಪುಸ್ತಕ ನನಗೆ ಸೇರಲಿಲ್ಲ, ಅಷ್ಟೆ.
ಈ ಊರಲ್ಲಿ ಎಲ್ಲದರ ಮೇಲೂ ಸಬ್ಬಸಿಗೆ ಉದುರಿಸುತ್ತಾರೆ,
ಆಲೂಗಡ್ಡೆಗೆ, ಮೀನಿಗೆ, ಸೌತೆಕಾಯಿಗೆ.
ಹಲ್ಲು ಬಂದಾಗಿನಿಂದ ನಾನದನ್ನು
ತಟ್ಟೆಯಂಚಿಗೆ ಸರಿಸುತ್ತಲೇ ಇದ್ದೇನೆ.
ಸಬ್ಬಸಿಗೆ ನನಗೇನು ಮಾಡಿದೆ, ಪಾಪ?"

ಅಂಟು ಕೆನೆಗಟ್ಟಿತ್ತು. ಇಳಿಸಿದೆ.
ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ.
ನೆರೆಯವರೂ ಅದನ್ನೆತ್ತಿ ಕೆನ್ನೆಗೊತ್ತಿಕೊಳ್ಳಬೇಕೆಂದು
ಮೂವತ್ತು ವರ್ಷ ಹಟ ಹಿಡಿದದ್ದು ನಾನು.
ಆ ಬಾಣಗಳು ಎಲ್ಲಿ ಹೋದವೋ.

ನಿಘಂಟಿಗೆ ಹೊಸ ಬೆನ್ನು ಕೂರಿಸಿದೆ,
ನನ್ನ ಐದು ಸಂಪುಟಕ್ಕೆಂದು ತೆಗೆದಿಟ್ಟಿದ್ದ ಹಸಿರು ಚರ್ಮದಲ್ಲಿ.
ದುಡ್ಡು ಮಾತ್ರ ಪೂರ್ತಿ ತಗೊಂಡೆ.
ಅವರೂ ಎಣಿಸಿಯೇ ಕೊಟ್ಟರು; ಹೊಲಿಗೆಯಲ್ಲಿ
ಒಂದು ಎಳೆ ಸಡಿಲ ಎಂದು ತೋರಿಸಿ
ಬಿಗಿಸಿಕೊಂಡೇ ಹೋದರು.

ರಾತ್ರಿ ಮೂರನೆಯ ಸಂಪುಟ ತೆಗೆದು
ಬೆರಳಿಟ್ಟು ದಿನ ಎಣಿಸಿದೆ.
ಹೌದು. ಎರಡು ಹುಣ್ಣಿಮೆ.

ಎರಡೂ ಚೆನ್ನಾಗಿದ್ದವು.