ನಲವತ್ತೊಂದು ಕೀಲಿಕೈ

ಖಡೇಬಜಾರದಾಗ, ಅತ್ತರದಂಗಡಿ ಮ್ಯಾಲಿನ ಮಾಳಿಗ್ಯಾಗ
ಹಲಗಿಗೆ ನಲವತ್ತೊಂದು ಮೊಳಿ.
ಮೊಳಿಗೊಂದು ಕೀಲಿಕೈ, ಕೀಲಿಕೈಗೊಂದು ಚೀಟಿ,
ಚೀಟಿ ಮ್ಯಾಲ ನನ್ನ ಅಕ್ಷರ:
ಬಿ-ಮೂರು, ಸಮುದ್ರ ಕಾಣತೈತಿ.
ಬಿ-ನಾಕು, ಬಾಲ್ಕನಿಯಿಂದ ಬಗ್ಗಿದರ ಕಾಣತೈತಿ.
ಸಿ-ಎರಡು, ಕಾಣೂದಿಲ್ಲ, ಕೇಳತೈತಿ.

ನಾ ಸಮುದ್ರ ನೋಡೇ ಇಲ್ಲ ಅಂತಲ್ಲ.
ಒಮ್ಮೆ ವೆಂಗುರ್ಲಾಕ್ಕ ಹೋಗಿದ್ದೆ, ಮಾಲಕರ ಜೀಪಿನಾಗ.
ಮೀಟರ್ ರೀಡಿಂಗ್ ಬರಕೊಂಡು
ಸಂಜೀಗೇ ಆಂಬೋಲಿ ಘಾಟ ಹತ್ತಿದ್ವಿ.
ಚಪ್ಪಲಿ ತೋಯಲಿಲ್ಲ.

ಆ ವರ್ಷ ಉದ್ಯಮಬಾಗದಾಗ ಕುಲುಮಿ ಆರಿದವು.
ಮೊದಲ ಓವರ್‌ಟೈಮ್ ಹೋತು, ಆಮ್ಯಾಲ ರಾತ್ರಿ ಪಾಳಿ,
ಆಮ್ಯಾಲ ನಾಕರ ಚಹಾ.
ಭರತೇಶ ಚೌಗಲಾ ಲೇತ್ ಮಶೀನು ತೂಕಕ್ಕ ಹಾಕಿದರು.
ಕಾರು ಕೊಲ್ಹಾಪುರದವರು ಒಯ್ದರು.
ಟಿಳಕವಾಡಿ ಬಂಗ್ಲೆದ ಮ್ಯಾಲಂತಸ್ತಿಗೆ
ಸಾಲ ಕೊಟ್ಟ ಬ್ಯಾಂಕಿನ ಮ್ಯಾನೇಜರನ ಬಾಡಿಗಿಗೆ ಬಂದ.
ಒಂದಿನ ಬಂದು ನನ್ನೆದುರು ಕುಂತರು:
"ಬಿ-ಮೂರು ತಗದ ಬಿಡ್ರಿ ಬಾಯಾರ. ಬಂದಷ್ಟು ಬರಲಿ."
ಕೀಲಿಕೈ ಇಳಿಸಿ ಕೊಟ್ಟೆ.
ಅಂಗೈಯಾಗ ಇಟಗೊಂಡು ತೂಗಿದರು,
ಕಬ್ಬಿಣದವರಿಗೆ ಅದೊಂದು ಚಟ.
"ಹುಡುಗೂರ ಎತ್ತರ ಅಲ್ಲಿ ಗೋಡಿಗೆ ಗೀಟ ಹಾಕೇವಿ,
ವರ್ಷಕ್ಕ ಎಂಟ ದಿನ ಹೋಗತೇವಿ ನೋಡ್ರಿ..."
ಚಹಾ ಆರಿತು.
ತಾವ ಎದ್ದು, ತಾವ ಮೊಳಿಗೆ ಹಾಕಿ, ಮೆಟ್ಟಲಾ ಇಳದರು.

ಹಿಂಗ ಹದಿನಾರು ಮಂದಿ ಬಂದರು, ತೂಗಿದರು, ಹಾಕಿದರು.
ರೇಟು ಬೀಳಲಿಲ್ಲ.
"ಊರ ಮುಳಗಿದರೂ ದಂಡಿ ಮುಳಗೂದಿಲ್ಲ,"
ಮಾಲಕರು ಫೋನಿನಾಗ ಎದಿ ಉಬ್ಬಿಸಿದರು.
ಲೆಡ್ಜರ್ ಬರಿಯಾಕಿ ನಾ, ನನಗ ಗೊತ್ತು.
ಕೇಳದ ರೇಟು ಬೀಳೂದಿಲ್ಲ.
ಬಾರಿಸಿ ನೋಡೂತನಾ
ಸೀಳು ಬಿಟ್ಟ ಗಡಗಿನೂ ಗಟ್ಟಿನ.

ಕತ್ತಲಿ ಮಾತ್ರ ನಮ್ಮ ಮಾತು ಕೇಳಲಿಲ್ಲ.
ಹುಬ್ಬಳ್ಳಿಯಿಂದ ನೋಡಾಕ ಬಂದ ಪಾರ್ಟಿ
ಉಸುಕಿನಾಗ ನಿಂತು ಕಪ್ಪು ಕಿಡಕಿ ಎಣಿಸಿ
ಊಟಕ್ಕೂ ನಿಂದರದ ಹೊಳ್ಳಿ ಹೋತು.

ಅದಕ್ಕ ಬಂದಾವ ಲಗಮಣ್ಣ.
ಚೌಗಲಾರ ಫೌಂಡ್ರಿಯ ಮೋಲ್ಡರ್,
ಇಪ್ಪತ್ತೆರಡು ವರ್ಷ ಉಸುಕಿನಾಗ ಅಚ್ಚು ಒತ್ತಿದ ಕೈ.
"ಉಸುಕ ನನಗೇನ ಹೊಸಾದಲ್ಲ," ಅಂದ, ನಕ್ಕ.
ಕುಲುಮಿ ಸುಟ್ಟ ಹುಬ್ಬು, ನಗಿಗೆ ಅಲ್ಲಿ ತಡಿಯಿರಲಿಲ್ಲ.
ಎಲ್ಲಾ ಕೀಲಿಕೈ ಕುಂದಾದ ಖಾಲಿ ಡಬ್ಬಿಗೆ ಹಾಕಿಕೊಟ್ಟೆ.
ಹಲಗಿ ಮ್ಯಾಲ ಅವುಗಳ ಆಕಾರದ ಬಿಳುಪು ಉಳೀತು.

ಕೆಲಸ ಇಷ್ಟ:
ಸಂಜಿಗೆ ಹನ್ನೆರಡು ಮನಿ ದೀಪ ಹಚ್ಚೂದು, ಹತ್ತಕ್ಕ ಆರಸೂದು.
ಇವತ್ತಿನ ಮನಿ ನಾಳೆ ಅಲ್ಲ.
ತನ್ನ ಎರಡಂಗಿ ಒಗದು
ಒಂದು ಎ-ಐದರ ಬಾಲ್ಕನ್ಯಾಗ, ಒಂದು ಡಿ-ಒಂದರಾಗ ಒಣ ಹಾಕೂದು.
ಮಲಗೂದು ಮೀಟರ್ ಖೋಲ್ಯಾಗ.

ಹುಬ್ಬಳ್ಳಿಯವರು ಮತ್ತ ಬಂದರು,
ಡಿ-ಒಂದರ ಅಂಗಿ ನೋಡಿ "ಮಂದಿ ಅದಾರ" ಅಂದರು, ಬಯಾನಾ ಕೊಟ್ಟರು.
ದೀಪಾವಳಿ ಹೊತ್ತಿಗೆ ರೇಟು ನೂರಕ್ಕ ಮೂರು ಏರಿತು.
ಪೇಪರಿನಾಗ ಶುದ್ಧ ಕನ್ನಡದಾಗ ಬಂತು:
ಬಿಕ್ಕಟ್ಟಿನಲ್ಲೂ ಕುಗ್ಗದ ಕಡಲತೀರ.
ಮಾಲಕರು ಅದನ್ನ ಕಟ್ಟು ಹಾಕಿಸಿ
ಖಾಲಿ ಹಲಗಿ ಬಾಜೂಕ್ಕ ತೂಗಬಿಟ್ಟರು.

ನಿನ್ನಿ ರಾತ್ರಿ ಲಗಮಣ್ಣನ ಫೋನು.
"ಬಾಯಾರ, ಬಿ-ಮೂರರ ಗೋಡಿ ಮ್ಯಾಲ ಪೆನ್ಸಿಲ್ ಗೀಟ ಅದಾವ.
ಬಣ್ಣಾ ಹೊಡದ ಬಿಡ್ಲೇನು?"
ಬ್ಯಾಡ ಅಂದೆ.
"ಸಾಹೇಬರ ಸಣ್ಣ ಮಗಳು ನಮ್ಮ ಶಾಂತಿಗಿಂತ ಎರಡ ಬೆರಳ ಗಿಡ್ಡ,"
ಅಂದ, ಯಾರಿಗೋ ಅಂದಂಗ.
ಅವನ ಹಿಂದ ಏನೋ ಬಂದು ಬಂದು ಹೋಗತಿತ್ತು.
"ಲಾರಿ ಏನೋ ಅದು? ಎಲ್ಲಿ ಅದೀ?"

"ಲಾರಿ ಅಲ್ರೀ ಬಾಯಾರ.
ಸಿ-ಎರಡರಾಗ ಅದೀನಿ.
ದೀಪ ಆರಸಾಕ ಬಂದಿದ್ದೆ."